"ಅದು ನಂದಲ್ಲ ಕಣಮ್ಮ": ಬನಶಂಕರಿಯ ಒಂದು ಮನೆ, 46 ಗಂಟು

ಆ ಕೋಣೆಯ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಬಾಗಿಲ ಹಿಂದೆ ಒಂದು ಹೊಲಿಗೆ ಮಿಷನ್ ಇತ್ತು. ಒಳಗೆ ಹೋಗಬೇಕಾದರೆ ಒಂದು ಭುಜ ಮುಂದೆ ಮಾಡಿ ಅಡ್ಡಡ್ಡವಾಗಿ ನುಸುಳಬೇಕು. ಮನೆಯ ಅಮ್ಮನಿಗೆ 74 ವರ್ಷ. ದಿನಕ್ಕೆ ಎರಡು ಸಲ ಅವರೂ ಹಾಗೇ ನುಸುಳುತ್ತಿದ್ದರು. ಅಕ್ಕಿ ಡ್ರಮ್ ಒಳಗಿತ್ತು, ಅದಕ್ಕೆ.

ನಾನು ಮನೆ ಜೋಡಿಸಿಕೊಡುವ ಕೆಲಸ ಮಾಡುತ್ತೇನೆ. "ಅದಕ್ಕೂ ದುಡ್ಡು ಕೊಡ್ತಾರಾ?" ಅಂತ ನಮ್ಮ ನೆಂಟರು ಈಗಲೂ ಕೇಳುತ್ತಾರೆ. ಕೊಡುತ್ತಾರೆ. ಈ ಮನೆಯ ಕಥೆಯನ್ನು ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ. ನನ್ನ ಮಾಮೂಲಿ ಕ್ರಮ ಇಲ್ಲಿ ಕೆಲಸ ಮಾಡಲಿಲ್ಲ. ಕೆಲಸ ಮಾಡಿದ್ದು ಬೇರೆಯೇ ಒಂದು. ಜೊತೆಗೆ ನಾನೊಂದು ದೊಡ್ಡ ತಪ್ಪನ್ನೂ ಮಾಡಿದೆ.

ಮನೆ ಇರುವುದು ಬನಶಂಕರಿ ಎರಡನೇ ಹಂತದಲ್ಲಿ. ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕೊಟ್ಟ 30-40 ಸೈಟು, 1986ರಲ್ಲಿ ಕಟ್ಟಿದ್ದು. ಕೆಳಗೆ ಅಮ್ಮ, ಮೇಲೆ ಬಾಡಿಗೆಯವರು. ಯಜಮಾನರು 2019ರಲ್ಲಿ ತೀರಿಕೊಂಡರು. ಮಗ, ಸೊಸೆ, ಎರಡನೇ ಕ್ಲಾಸಿನ ಮೊಮ್ಮಗ ವೈಟ್‌ಫೀಲ್ಡಿನಲ್ಲಿ ಬಾಡಿಗೆ ಫ್ಲಾಟಿನಲ್ಲಿದ್ದರು. ಮೆಟ್ರೋ ಪೂರ್ತಿ ಆದ ಮೇಲೆ ಬನಶಂಕರಿಯಿಂದಲೇ ಆಫೀಸಿಗೆ ಓಡಾಡಬಹುದು ಅನ್ನಿಸಿತ್ತು. ಅಮ್ಮನ ಜೊತೆ ಬಂದು ಇರೋಣ ಅಂತ ತೀರ್ಮಾನ ಮಾಡಿದ್ದರು. ಮೊಮ್ಮಗನಿಗೆ ಆ ಕೋಣೆ ಬೇಕಿತ್ತು.

ಇನ್ನೊಂದು ಅವಸರವೂ ಇತ್ತು. 2024ರ ಕೊನೆಯಲ್ಲಿ ಬೆಂಗಳೂರೆಲ್ಲ ಇ-ಖಾತಾ ಗಲಾಟೆ ಅಲ್ವಾ? ಆಸ್ತಿ ಯಾರ ಹೆಸರಿನಲ್ಲಿದೆ ಅನ್ನೋ ಪಾಲಿಕೆಯ ದಾಖಲೆಯೇ ಖಾತಾ, ಅದು ಕಂಪ್ಯೂಟರಿಗೆ ಬಂದರೆ ಇ-ಖಾತಾ. ಆಗ ಇನ್ನೂ ಊರಿಗೆಲ್ಲ ಒಂದೇ ಪಾಲಿಕೆ, ಬಿಬಿಎಂಪಿ ಇತ್ತು. ಈ ಮನೆಯ ಖಾತಾ ಇನ್ನೂ ಯಜಮಾನರ ಹೆಸರಿನಲ್ಲೇ ಇತ್ತು. ಅದನ್ನು ಅಮ್ಮನ ಹೆಸರಿಗೆ ಮಾಡಿಸಬೇಕು ಅಂತ ಹೊರಟರೆ ಮೂಲ ಕ್ರಯಪತ್ರವೇ ಕಾಣಲಿಲ್ಲ. ಮಗ ಹನ್ನೊಂದು ದಿನ ಹುಡುಕಿದ್ದರಂತೆ. ಹನ್ನೆರಡನೇ ದಿನ ನನಗೆ ಫೋನ್ ಮಾಡಿದರು. "ಅಮ್ಮ ಒಂದು ಕವರ್ ಕೂಡ ಬಿಸಾಕಲ್ಲ ಮೇಡಂ. ನೀವು ಬಂದು ಸ್ವಲ್ಪ ಒಪ್ಪಿಸಿ."

ಒಪ್ಪಿಸೋ ಕೆಲಸ ನಾನು ಮಾಡಲ್ಲ ಅಂದೆ. ಬಂದು ನೋಡ್ತೀನಿ ಅಂದೆ.

ಮೊದಲ ದಿನ, 2025ರ ಸಂಕ್ರಾಂತಿ ಮುಗಿದ ವಾರ. ಅಮ್ಮ ಕಾಫಿ ಕೊಟ್ಟರು, ಎಳ್ಳು ಬೆಲ್ಲ ಕೊಟ್ಟರು. ಕೂತು ಹೇಳಿದ ಮೊದಲ ಮಾತು: "ನನ್ನ ಸಾಮಾನು ಎಷ್ಟಿದೆ ಅಂತ ಮೊದಲು ನೋಡಮ್ಮ." ಆ ಮಾತನ್ನು ನಾನು ಕೇಳಿಸಿಕೊಂಡೆ, ಆದರೆ ತಲೆಗೆ ಹಾಕಿಕೊಳ್ಳಲಿಲ್ಲ. ಎಲ್ಲರೂ ಹಾಗೇ ಹೇಳುತ್ತಾರೆ ಅಂದುಕೊಂಡೆ.

ನನ್ನ ಪದ್ಧತಿ ಸರಳ. ಒಂದು ಜಾತಿಯ ಸಾಮಾನನ್ನೆಲ್ಲ ಒಂದು ಕಡೆ ಹರಡುತ್ತೇನೆ. ಮೊದಲು ಬಟ್ಟೆ. ಆಮೇಲೆ ಮೂರು ಗುಡ್ಡೆ: ಇರಲಿ, ಕೊಡೋಣ, ನೋಡೋಣ. ಬೀರು ತೆಗೆದೆವು. ನಾನು ಒಂದೊಂದೇ ಎತ್ತಿ ಹಿಡಿದು "ಬೇಕಾ ಅಮ್ಮ?" ಅಂತ ಕೇಳಿದೆ.

"ಇರಲಿ."

"ಇದು?"

"ಅದು ನಂದಲ್ಲ ಕಣಮ್ಮ. ಅವಳು ಬಂದಾಗ ಕೇಳಬೇಕು."

"ಈ ಕೋಟು?"

"ಅದು ನಮ್ಮ ಮೈದುನಂದು."

ಮೂರು ಗಂಟೆ ಹೀಗೇ ನಡೆಯಿತು. ಕೊಡೋಣ ಅನ್ನೋ ಗುಡ್ಡೆಯಲ್ಲಿ ನಾಲ್ಕು ಟವೆಲ್, ಒಂದು ಹರಿದ ರೇನ್‌ಕೋಟ್. ನೋಡೋಣ ಅನ್ನೋ ಗುಡ್ಡೆ ಮಂಚದ ಎತ್ತರಕ್ಕೆ ಬೆಳೆಯಿತು. ಮಗ ಬಂದು ನೋಡಿ "ನಾನು ಹೇಳಿರಲಿಲ್ವಾ?" ಅಂತ ಮುಖ ಮಾಡಿದರು. ಅಮ್ಮ ಎದ್ದು ಅಡುಗೆಮನೆಗೆ ಹೋದರು. ಸಾಮಾನನ್ನೆಲ್ಲ ನಾನೇ ವಾಪಸ್ಸು ತುಂಬಿದೆ.

ಬಸ್ಸಿನಲ್ಲಿ ಕೂತು ನನ್ನ ನೋಟ್‌ಬುಕ್ ತಿರುವಿದೆ. ಪ್ರತಿ ವಸ್ತುವಿಗೂ ಅವರು ಹೇಳಿದ್ದನ್ನು ಎರಡು ಪದದಲ್ಲಿ ಬರೆದುಕೊಳ್ಳುವ ಅಭ್ಯಾಸ ನನಗೆ. "ನಂದಲ್ಲ" ಅನ್ನೋದು ಪುಟದ ತುಂಬ ಇತ್ತು. ಎಣಿಸಿದೆ, 31 ಸಲ. ಬೇಕು ಅಂತ ಅವರು ಹೇಳಿದ್ದೇ ಕಡಿಮೆ. ಅವರು ಬಿಡದೆ ಹಿಡಿದುಕೊಂಡಿದ್ದು ಆಸೆಗಲ್ಲ. ಬೇರೆಯವರ ವಸ್ತುವನ್ನು ಅವರನ್ನು ಕೇಳದೆ ಕೊಡುವುದು ಅಮ್ಮನ ಮಟ್ಟಿಗೆ ಕಳ್ಳತನದ ಹಾಗೆ. ನಾನು ಇಡೀ ಬೆಳಿಗ್ಗೆ ತಪ್ಪು ವ್ಯಕ್ತಿಗೆ ಪ್ರಶ್ನೆ ಕೇಳಿದ್ದೆ.

ಎರಡನೇ ದಿನ ಒಂದೂ ಗಂಟು ಬಿಚ್ಚಲಿಲ್ಲ. ಮಾಸ್ಕಿಂಗ್ ಟೇಪು, ಸ್ಕೆಚ್ ಪೆನ್ನು ಹಿಡಿದುಕೊಂಡು ಹೋದೆ. ಕೋಣೆ, ಮೂರು ಅಟ್ಟ, ಮೆಟ್ಟಿಲ ಕೆಳಗಿನ ಜಾಗ. ಅಮ್ಮ ಕುರ್ಚಿ ಹಾಕಿಕೊಂಡು ಕೂತರು. ನಾನು ಪೆಟ್ಟಿಗೆ, ಟ್ರಂಕು, ಚೀಲ, ಗಂಟು ಒಂದೊಂದನ್ನೇ ಮುಟ್ಟಿ ಒಂದೇ ಪ್ರಶ್ನೆ ಕೇಳಿದೆ: "ಇದು ಯಾರದು?" ಅವರು ಯೋಚನೆಯನ್ನೇ ಮಾಡಲಿಲ್ಲ. ಹಾಜರಿ ಕರೆದ ಹಾಗೆ ಉತ್ತರ ಬಂತು. ಒಂದೂವರೆ ಗಂಟೆಯಲ್ಲಿ 46 ಗಂಟಿಗೂ ಚೀಟಿ ಅಂಟಿತು.

ಲೆಕ್ಕ ಹೀಗಿತ್ತು. ಮಗಂದು 11. ಮೈಸೂರಿನಲ್ಲಿರುವ ಮಗಳದು 8. ಯಜಮಾನರದು 7. ಮೈದುನಂದು 3. ಹಳೇ ಬಾಡಿಗೆಯವರದು 1, ಅದೇ ಆ ಹೊಲಿಗೆ ಮಿಷನ್. ಯಾರದೂ ಅಲ್ಲದ್ದು, ಅಥವಾ ಎಲ್ಲರದೂ ಆದದ್ದು 7. ಅಮ್ಮನದು 9.

ಸಂಜೆ ಮಗ ಬಂದು ಚೀಟಿ ನೋಡಿದರು. ಎಲ್ಲರಿಗಿಂತ ಜಾಸ್ತಿ ಅವರದೇ. ಸೊಸೆ ನಕ್ಕುಬಿಟ್ಟರು. ಅಮ್ಮ ಮಾತ್ರ ಏನೂ ಹೇಳಲಿಲ್ಲ, "ಉಪ್ಪಿಟ್ಟು ತಿಂತೀಯೇನೋ?" ಅಂತ ಕೇಳಿದರು ಅಷ್ಟೆ.

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇದು ಮಾಮೂಲಿ ಅಂತ ಆಮೇಲೆ ನನಗೆ ಅರ್ಥವಾಯಿತು. ಜಯನಗರ, ರಾಜಾಜಿನಗರ, ಬನಶಂಕರಿ, ಎಲ್ಲ ಕಡೆ ಮಕ್ಕಳು ಬಾಡಿಗೆ ಮನೆಗೋ ಹೊರದೇಶಕ್ಕೋ ಹೋಗುತ್ತಾರೆ. ಸಾಮಾನು ಅಪ್ಪ ಅಮ್ಮನ ಅಟ್ಟದಲ್ಲಿ ಉಳಿಯುತ್ತದೆ. ಬಾಡಿಗೆ ಇಲ್ಲದ ಗೋಡೌನು. ಕೊನೆಗೆ "ಅಮ್ಮ ಏನೂ ಬಿಸಾಕಲ್ಲ" ಅನ್ನೋ ದೂರು ಕೂಡ ಅವರದೇ.

ಮುಂದಿನದು ಫೋನಿನ ಕೆಲಸ. ಯಾರ ವಸ್ತುವೋ ಅವರಿಗೆ ವಿಡಿಯೋ ಕಾಲ್. ನಾನು ಕೇಳಿದ್ದು "ಬೇಕಾ ಬೇಡ್ವಾ" ಅಂತ ಅಲ್ಲ, "ಯಾವತ್ತು ಬಂದು ತಗೊಂಡು ಹೋಗ್ತೀರಿ" ಅಂತ. ಕೊನೆ ದಿನ ಯುಗಾದಿ, ಮಾರ್ಚ್ 30. ಬೇಕಾ ಅಂತ ಕೇಳಿದರೆ ಎಲ್ಲರೂ ಬೇಕು ಅನ್ನುತ್ತಾರೆ. ಯಾವತ್ತು ಬರ್ತೀರಿ ಅಂದಾಗ ಅರ್ಧಕ್ಕರ್ಧ ಜನ "ಅಯ್ಯೋ, ಅದನ್ನ ಯಾರಿಗಾದ್ರೂ ಕೊಟ್ಬಿಡಿ" ಅನ್ನುತ್ತಾರೆ. ಅಮ್ಮ ಪಕ್ಕದಲ್ಲೇ ಕೂತು ಆ ಮಾತು ಕೇಳಿಸಿಕೊಂಡರು. ಅದೇ ಬೇಕಿತ್ತು. ಮಾಲೀಕರ ಬಾಯಿಂದ ಬಂದ ಮೇಲೆ ಅಮ್ಮ ಒಂದು ಕ್ಷಣವೂ ತಡೆಯಲಿಲ್ಲ. ತಾವೇ ಎತ್ತಿ ಹೊರಗಿಟ್ಟರು.

ಮಗಳು ಒಂದು ಭಾನುವಾರ ಮೈಸೂರಿನಿಂದ ಕಾರಿನಲ್ಲಿ ಬಂದರು. ಎಂಟರಲ್ಲಿ ಎರಡು ಪೆಟ್ಟಿಗೆ ತಗೊಂಡು ಹೋದರು. ಮೈದುನರ ಮೂರು ಟ್ರಂಕಿನಲ್ಲಿ ಒಂದಕ್ಕೆ ಬೀಗ. ಬೀಗದ ಕೈ ಅವರ ಹತ್ತಿರವೂ ಇರಲಿಲ್ಲ. ಒಡೆಸಿದರೆ ಒಳಗೆ ಇನ್ನೂ ಐದು ಬೀಗ.

ಮಗನ ಹನ್ನೊಂದು ಗಂಟಿನಲ್ಲಿ ಏನೇನಿತ್ತು ಅಂತ ಹೇಳಲೇಬೇಕು. ಇಂಜಿನಿಯರಿಂಗ್ ಪುಸ್ತಕ, ಡ್ರಾಫ್ಟರ್, ದಪ್ಪ ಬೆನ್ನಿನ ಹಳೇ ಮಾನಿಟರ್, ಸತ್ತ ಯುಪಿಎಸ್, ಸಿಡಿಗಳ ಎರಡು ಡಬ್ಬ, ಮತ್ತು ಖಾಲಿ ರಟ್ಟಿನ ಪೆಟ್ಟಿಗೆಗಳು. ಮಿಕ್ಸಿಯದು, ಮೊಬೈಲಿನದು, ಟಿವಿಯದು. ವಾರಂಟಿಗೆ ಬೇಕಾಗತ್ತೆ ಅಂತ ಇಟ್ಟಿದ್ದು. ಆ ಟಿವಿಯೇ ಈಗ ಇಲ್ಲ.

ಇವು ಎಲ್ಲಿಗೆ ಹೋದವು ಅಂತ ಜನ ಬಹಳ ಕೇಳುತ್ತಾರೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೆಂಗಳೂರಿನಲ್ಲಿ ಕಸ ಮೂರು ಭಾಗ ಆಗಬೇಕು ಅಂತ ಹೈಕೋರ್ಟ್ 2015ರಲ್ಲೇ ಹೇಳಿತ್ತು. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡೈಪರ್, ಪ್ಯಾಡ್ ಥರದ್ದು, ಚೀಲಕ್ಕೆ ಒಣ ಕಸ. ಆದರೆ ಮನೆ ಖಾಲಿ ಮಾಡುವಾಗ ಬರುವ ರಾಶಿಯನ್ನು ದಿನದ ಆಟೋಗೆ ಹಾಕಿದರೆ ಅವರು ಬೈಯುತ್ತಾರೆ, ಬೈಯಲೂ ಬೇಕು. ರಟ್ಟು, ಪೇಪರು, ಕಬ್ಬಿಣ, ಹಾಲಿನ ಕವರು ಗುಜರಿಗೆ ಹೋಯಿತು. ಗುಜರಿಯವರು ಮುಟ್ಟದ ತೆಳು ಪ್ಲಾಸ್ಟಿಕ್, ಥರ್ಮೋಕೋಲ್ ಎಲ್ಲ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ. ಇಂಥ ಕೇಂದ್ರಗಳಲ್ಲಿ ಎಷ್ಟೋ ಕಡೆ ಕಸ ಆಯ್ದು ಬದುಕುತ್ತಿದ್ದವರೇ ನಡೆಸುವವರು. ಅದಕ್ಕೇ ತೊಳೆದು, ಒಣಗಿಸಿ ಕೊಡುವುದು ಮರ್ಯಾದೆ. ಮಾನಿಟರನ್ನು ಗುಜರಿಗೆ ಕೊಡಲು ನಾನು ಬಿಡಲಿಲ್ಲ. ಅದರ ಗಾಜಿನಲ್ಲಿ ಸೀಸ ಇರುತ್ತದೆ, ಒಡೆದು ತಾಮ್ರ ತೆಗೆದು ಉಳಿದದ್ದನ್ನು ಎಲ್ಲೋ ಎಸೆಯುತ್ತಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವ ಇ-ವೇಸ್ಟ್ ಕಂಪನಿಯನ್ನು ಕರೆಸಿದೆವು. ಯುಪಿಎಸ್ ಬ್ಯಾಟರಿಯನ್ನು ಬ್ಯಾಟರಿ ಅಂಗಡಿಯವರೇ ಹಳೇದಕ್ಕೆ ಇಷ್ಟು ಅಂತ ಕಳೆದು ಹೊಸದು ಕೊಟ್ಟರು. ಪುಸ್ತಕದಲ್ಲಿ ಆಗುವಂಥದ್ದನ್ನು ಮಗ ಹಳೇ ಪುಸ್ತಕ ಕೊಳ್ಳುವ ಅವೆನ್ಯೂ ರಸ್ತೆಗೆ ಹೊತ್ತುಕೊಂಡು ಹೋದರು. ಅಲ್ಲಿ ಸಿಕ್ಕಿದ ದುಡ್ಡು ಹೋಗಿ ಬಂದ ಆಟೋಗೆ ಸರಿಹೋಯಿತಂತೆ. ಆದರೂ ಅವರ ಮುಖದಲ್ಲಿ ಏನೋ ಸಮಾಧಾನ.

ಯಜಮಾನರ ಏಳು ಗಂಟು ಬೇರೆ ಥರ. ಫೋನ್ ಮಾಡಿ ಕೇಳಲು ಅವರಿಲ್ಲ. ಇವನ್ನು ಬಿಚ್ಚುವಾಗ ಮಗ, ಮಗಳು, ಅಮ್ಮ ಮೂವರೂ ಇರಲೇಬೇಕು ಅಂತ ಹೇಳಿದ್ದೆ. ಮೊದಲು ಅವರ ಔಷಧಿ ಡಬ್ಬ. ಆರು ವರ್ಷ ಹಳೇ ಮಾತ್ರೆ, ಇನ್ಸುಲಿನ್ ಸೂಜಿ. ಸೂಜಿಗಳನ್ನು ಗಟ್ಟಿ ಬಾಟಲಿಗೆ ಹಾಕಿ ಮುಚ್ಚಳ ಬಿಗಿದು, ಮಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ, ಎರಡರ ಮೇಲೂ ಕೆಂಪು ಗುರುತು ಹಾಕಿ ಪೌರಕಾರ್ಮಿಕರಿಗೆ ಹೇಳಿಯೇ ಕೊಟ್ಟೆವು. ಇದನ್ನು ಸಿಂಕಿಗೆ ಸುರಿಯಬಾರದು.

ಆಮೇಲೆ ಕಾಗದ. ಒಂದು ಕೊಕ್ಕೆ ತಂತಿಗೆ ಕೆಇಬಿ ಕಾಲದಿಂದ ಚುಚ್ಚಿದ ಕರೆಂಟ್ ಬಿಲ್ಲುಗಳು, ಕಬಾಬಿನ ಹಾಗೆ. ನೆಲದ ಮೇಲೆ ಎರಡೇ ಸಾಲು ಮಾಡಿದೆವು: ಕಳೆದರೆ ಮತ್ತೆ ಸಿಗುವ ಕಾಗದ, ಕಳೆದರೆ ಸಿಗದ ಕಾಗದ. ಇಸಿಯ, ಅಂದರೆ ಆಸ್ತಿಯ ಋಣಭಾರ ಪತ್ರದ ಹದಿನಾಲ್ಕು ಜೆರಾಕ್ಸ್ ಇತ್ತು. ಇಸಿಯನ್ನು ಈಗ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ ಯಾವಾಗ ಬೇಕಾದರೂ ತೆಗೆಯಬಹುದು. ಹಳೇ ಕರೆಂಟ್ ಬಿಲ್ಲು ಯಾರಿಗೂ ಬೇಡ, ಈಚಿನದು ಒಂದಿದ್ದರೆ ಸಾಕು. ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ. ಆದರೆ ಮೂಲಪತ್ರ ಒಂದೇ. ಬಿಡಿಎ ಸೈಟಿನವರಿಗೆ ಇನ್ನೊಂದು ಗೊಂದಲ ಇರುತ್ತದೆ. ಮೊದಲು ಲೀಸ್ ಕಂ ಸೇಲ್ ಒಪ್ಪಂದ, ಅಂದರೆ ಈಗ ಗುತ್ತಿಗೆ ಆಮೇಲೆ ಮಾರಾಟ ಅನ್ನೋ ಕರಾರು ಕೊಟ್ಟಿರುತ್ತಾರೆ, ವರ್ಷಗಳ ಮೇಲೆ ಶುದ್ಧ ಕ್ರಯಪತ್ರ. ಈ ಮನೆಯವರು ಬೀರುವಿನ ಲಾಕರಿನಲ್ಲಿದ್ದ ಮೊದಲನೆಯದನ್ನೇ ಕ್ರಯಪತ್ರ ಅಂತ ಇಷ್ಟು ವರ್ಷ ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದರು. ಅದಲ್ಲ ಅಂತ ಗೊತ್ತಾಗಿದ್ದೇ ಖಾತಾಗೆ ಹೊರಟಾಗ.

ಶುದ್ಧ ಕ್ರಯಪತ್ರ ಸಿಕ್ಕಿದ್ದು ಮದುವೆ ಕಾಗದಗಳ ಸೂಟ್‌ಕೇಸಿನಲ್ಲಿ. ಕಂದು ಬಣ್ಣದ ಬ್ಯಾಂಕಿನ ಕವರು. ಮೇಲೆ ಯಜಮಾನರ ದುಂಡು ಅಕ್ಷರದಲ್ಲಿ "ಸಾಲ ತೀರಿತು" ಅಂತ ಬರೆದಿತ್ತು. ಮನೆ ಸಾಲಕ್ಕೆ ಬ್ಯಾಂಕಿನವರು ಮೂಲಪತ್ರ ಇಟ್ಟುಕೊಂಡಿದ್ದರು, ಸಾಲ ಮುಗಿದಾಗ ವಾಪಸ್ಸು ಕೊಟ್ಟಿದ್ದರು. ತೀರಿದ ಸಾಲದ ಕವರನ್ನು ಯಾರು ಬಿಚ್ಚಿ ನೋಡುತ್ತಾರೆ? ಮಗ ಹುಡುಕುವಾಗ ಅದನ್ನು ಎರಡು ಸಲ ಎತ್ತಿ ಪಕ್ಕಕ್ಕಿಟ್ಟಿದ್ದರಂತೆ. ಅಮ್ಮ ಆ ಕವರನ್ನು ಮಾತ್ರ ಇಟ್ಟುಕೊಂಡರು. ಕ್ರಯಪತ್ರ ಫೈಲಿಗೆ ಹೋಯಿತು, ಮರಣ ಪ್ರಮಾಣಪತ್ರ, ವಂಶವೃಕ್ಷ, ಕಂದಾಯದ ರಸೀದಿಗಳ ಜೊತೆ. ಆಧಾರ್ ಜೆರಾಕ್ಸುಗಳನ್ನು ಹರಿದು ಚೂರು ಮಾಡಿಯೇ ಗುಜರಿಗೆ ಕೊಟ್ಟೆವು.

ಅಮ್ಮನ ಒಂಬತ್ತರ ಬಗ್ಗೆ ಈಗ. ಅವರು ಹೇಳಿದ್ದು ನಿಜ, ಅವರ ಸಾಮಾನು ಕಡಿಮೆ. ಬೊಂಬೆ ಟ್ರಂಕು ಒಂದು. ತವರುಮನೆಯಿಂದ ಬಂದ ಪಟ್ಟದ ಬೊಂಬೆಗಳು ಅದರಲ್ಲಿದ್ದವು. ಅದರ ಬಗ್ಗೆ ನಾನು ಬಾಯಿ ಬಿಡಲಿಲ್ಲ. ಅಟ್ಟದಿಂದ ಇಳಿಸಿ ಮಂಚದ ಕೆಳಗಿಟ್ಟೆವು, ನವರಾತ್ರಿಗೆ ಏಣಿ ಹತ್ತುವ ಕಷ್ಟ ತಪ್ಪಿತು. ರೇಷ್ಮೆ ಸೀರೆಗಳು 38, ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ. ಕವರಿನೊಳಗೆ ತೇವ ನಿಂತು ಎಷ್ಟೋ ಸೀರೆಗಳ ಜರಿ ಕಪ್ಪಾಗಿತ್ತು. ನುಸಿಗುಳಿಗೆ ನೇರ ಜರಿಗೆ ತಾಗುವಂತೆ ಇಟ್ಟಿದ್ದು ಇನ್ನೂ ಕೆಟ್ಟದ್ದು. ಒಗೆದ ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣಗಿದ ಬೇವಿನ ಎಲೆ ಹಾಕಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ ಅಂತ ಹೇಳಿದೆ. "ನಮ್ಮತ್ತೆ ಹಂಗೇ ಮಾಡ್ತಿದ್ರು. ಕವರ್ ಬಂದ ಮೇಲೆ ನಾವು ಜಾಣರಾದ್ವಿ" ಅಂದರು.

ಬ್ಲೌಸ್ ಪೀಸು 112. ಎಣಿಸಿದ್ದೇನೆ. ಹೊಲಿಸಿಕೊಳ್ಳೋಕೆ ಅಂತ ಬ್ಲೌಸ್ ಪೀಸ್ ಕೊಡುವವರು ಯಾರಿದ್ದಾರೆ? ಅರಿಶಿನ ಕುಂಕುಮಕ್ಕೆ ಬಂದದ್ದನ್ನು ಇನ್ನೊಬ್ಬರ ಮಡಿಲಿಗೆ ದಾಟಿಸುವುದು, ಅಷ್ಟೇ. ಅದರಲ್ಲಿ ಒಂದು ನೇರಳೆ ಬಣ್ಣದ್ದನ್ನು ಅಮ್ಮ ತಾವೇ ಯಾರಿಗೋ ಕೊಟ್ಟಿದ್ದರಂತೆ, ಎರಡು ವರ್ಷಕ್ಕೆ ಸುತ್ತಿ ಅವರಿಗೇ ವಾಪಸ್ಸು ಬಂದಿತ್ತು. 40 ಇಟ್ಟುಕೊಂಡರು. ಉಳಿದದ್ದು ರಸ್ತೆಯ ಕೊನೆಯ ಟೈಲರಮ್ಮನಿಗೆ, ಕೈಚೀಲ ಹೊಲಿಯೋಕೆ.

ಅಡುಗೆಮನೆಯಲ್ಲಿ "ಇದು ಯಾರದು" ಅಂತ ಕೇಳುವ ಅಗತ್ಯವೇ ಇರಲಿಲ್ಲ. ಪಾತ್ರೆಗಳ ಮೇಲೇ ಬರೆದಿತ್ತು. ಯಾರ ಮುಂಜಿಗೆ, ಯಾರ ಗೃಹಪ್ರವೇಶಕ್ಕೆ, ಯಾರು ಕೊಟ್ಟಿದ್ದು, ಯಾವ ವರ್ಷ. ಹೆಸರು ಕೆತ್ತಿಸಿದ ಸ್ಟೀಲ್ ಪಾತ್ರೆಯನ್ನು ತೂಕಕ್ಕೆ ಹಾಕಲು ಯಾರ ಕೈಯೂ ಬರುವುದಿಲ್ಲ. ಇಲ್ಲಿ ನಾನು ಸೋತೆ ಅಂತಲೇ ಹೇಳಬೇಕು. ಕೊಟ್ಟವರಲ್ಲಿ ಅರ್ಧ ಜನ ಈಗ ಇಲ್ಲ. ಒಂದು ಹಿತ್ತಾಳೆ ಹಂಡೆ, ಎರಡು ಕೊಳದಪ್ಪಲೆ, ಸುಮಾರು 60 ಸ್ಟೀಲ್ ಪಾತ್ರೆ ಹಾಗೇ ಉಳಿದವು. ಹಂಡೆ ಹೋಗಲಿ ಅಂತ ಮಗ ಒತ್ತಾಯ ಮಾಡಿದರು. "2024ರ ಬೇಸಿಗೆಯಲ್ಲಿ ಬೋರ್‌ವೆಲ್ ಒಣಗಿ ಟ್ಯಾಂಕರ್ ಸಿಗದೆ ಇದ್ದಾಗ ನೀರು ತುಂಬಿಟ್ಟಿದ್ದು ಯಾತರಲ್ಲಿ?" ಅಂದರು ಅಮ್ಮ. ಮಗ ಸುಮ್ಮನಾದರು. ನಾನೂ ಸುಮ್ಮನಾದೆ.

ಈಗ ನನ್ನ ತಪ್ಪು.

ಯಾರದೂ ಅಲ್ಲದ ಏಳು ಗಂಟಿನಲ್ಲಿ ಒಂದು ಹಳೇ ಪಂಚೆಗಳ ಗಂಟು. ಯಜಮಾನರವು, ಸವೆದು ಮಲ್ಲು ಬಟ್ಟೆಯ ಹಾಗೆ ಮೆತ್ತಗೆ ಆಗಿದ್ದವು. ಸೀರೆ ಸುತ್ತಲು ಬೇಕಾದಷ್ಟು ತೆಗೆದುಕೊಂಡ ಮೇಲೆ ಹದಿನಾಲ್ಕು ಉಳಿದವು. ಆ ದಿನ ಹಳೇ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಬಂದರು. ಅಮ್ಮ ಮಲಗಿದ್ದರು. ಹಳೇ ಬಟ್ಟೆ ಅಲ್ವಾ ಅಂತ ಬೇರೆ ಗಂಟುಗಳ ಜೊತೆ ಇವನ್ನೂ ಕೊಟ್ಟೆ. ಒಂದು ಸ್ಟೀಲ್ ಬೇಸನ್ ಬಂತು. ಖುಷಿಯಾಗಿ ತೋರಿಸಿದೆ.

ಅಮ್ಮ ಬೇಸನ್ ನೋಡಲೇ ಇಲ್ಲ. "ಪಂಚೆ ಗಂಟು ಎಲ್ಲಿ?" ಅಂದರು.

ಅವರ ತಂಗಿಯ ಮೊಮ್ಮಗಳಿಗೆ ಆಗ ಏಳನೇ ತಿಂಗಳು. ಬಾಣಂತನಕ್ಕೆ, ಹುಟ್ಟುವ ಮಗುವನ್ನು ಸುತ್ತೋಕೆ, ಸವೆದ ಪಂಚೆಗಿಂತ ಒಳ್ಳೆಯ ಬಟ್ಟೆ ಇಲ್ಲ. ಆ ಗಂಟನ್ನು ಅವರು ವರ್ಷಕ್ಕೊಮ್ಮೆ ಒಗೆದು, ಬಿಸಿಲಿಗೆ ಹಾಕಿ, ಮಡಿಚಿ ಇಡುತ್ತಿದ್ದರಂತೆ. ಯಾರದು ಅಂತ ನಾನು ಕೇಳಿದಾಗ "ಯಾರದೂ ಅಲ್ಲ" ಅಂದಿದ್ದರು. ಇನ್ನೂ ಹುಟ್ಟದ ಮಗುವಿನ ಹೆಸರು ಚೀಟಿಯ ಮೇಲೆ ಹೇಗೆ ಬರೆಸುತ್ತಾರೆ?

ಆ ಹೆಂಗಸನ್ನು ಹುಡುಕಿಕೊಂಡು ಎರಡು ದಿನ ಸುತ್ತಿದೆ. ಸಿಗಲಿಲ್ಲ. ಹೊಸ ಮಲ್ಲು ಬಟ್ಟೆ ತಂದುಕೊಟ್ಟೆ. ಅಮ್ಮ ತಗೊಂಡರು, "ಹೊಸದು ಚುಚ್ಚತ್ತೆ ಕಣಮ್ಮ" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ನನ್ನ ಚೀಟಿಯಲ್ಲಿ ಎರಡು ಸಾಲು ಇರುತ್ತದೆ: ಯಾರದು, ಯಾತಕ್ಕೆ. ಮತ್ತೆ ಮನೆಯವರು ಮಲಗಿದಾಗ ಹೊರಗೆ ಏನನ್ನೂ ಕೊಡುವುದಿಲ್ಲ.

ಯುಗಾದಿಗೆ ಕೋಣೆ ಖಾಲಿಯಾಗಿತ್ತು. ಒಟ್ಟು ಎಂಟು ದಿನದ ಕೆಲಸ, ಎರಡು ತಿಂಗಳಲ್ಲಿ ಹರಡಿಕೊಂಡು. 46ರಲ್ಲಿ ಉಳಿದದ್ದು 17. ಅಕ್ಕಿ ಡ್ರಮ್ ಅಡುಗೆಮನೆಗೆ ಬಂತು. ಯಾರೂ ಬಂದು ಒಯ್ಯದಿದ್ದ ಮೈದುನರ ಕೋಟನ್ನು ಮೊಮ್ಮಗ ಹಾಕಿಕೊಂಡು ಮನೆ ತುಂಬ ಓಡಾಡಿದ.

ಜುಲೈನಲ್ಲಿ ನೋಡಲು ಹೋದೆ. ಇ-ಖಾತಾ ಅಮ್ಮನ ಹೆಸರಿಗೆ ಆಗಿತ್ತು. ಅಡುಗೆಮನೆಯ ಕವರ್‌ಗಳ ಕವರು ಮತ್ತೆ ಉಬ್ಬಿತ್ತು, ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಟ್ಟದಲ್ಲಿ ಎರಡು ಹೊಸ ರಟ್ಟಿನ ಪೆಟ್ಟಿಗೆ. "ಅದು ಇವರದು, ಏರ್ ಫ್ರೈಯರ್‌ದು. ವಾರಂಟಿ ಇದೆಯಂತೆ" ಅಂತ ಸೊಸೆ ಗಂಡನ ಕಡೆ ಕೈ ತೋರಿಸಿದರು.

ಹೊಲಿಗೆ ಮಿಷನ್ ಮಾತ್ರ ಹೋಗಿರಲಿಲ್ಲ. 2009ರಲ್ಲಿ ಮನೆ ಬಿಟ್ಟವರು "ಮುಂದಿನ ವಾರ ಬರ್ತೀವಿ" ಅಂದಿದ್ದರಂತೆ. ಅವರ ನಂಬರು ಈಗ ಬೇರೆ ಯಾರದ್ದೋ. ಬಾಗಿಲ ಹಿಂದಿನಿಂದ ಎತ್ತಿ ವರಾಂಡದಲ್ಲಿಟ್ಟು, ಎಣ್ಣೆ ಬಿಟ್ಟು, ಬಟ್ಟೆ ಮುಚ್ಚಿದ್ದರು. ಅದರ ಮೇಲೆ ಒಂದು ಸ್ಟೀಲ್ ಟಿಫಿನ್ ಡಬ್ಬಿ. ನನ್ನದೇ, ಮಾರ್ಚಿನಲ್ಲಿ ಮರೆತು ಬಂದದ್ದು. ಡಬ್ಬಿಗೆ ನನ್ನದೇ ಮಾಸ್ಕಿಂಗ್ ಟೇಪು ಅಂಟಿಸಿ, ಅಮ್ಮನ ಅಕ್ಷರದಲ್ಲಿ ಎರಡು ಸಾಲು: ಜೋಡಿಸೋ ಹುಡುಗಿದು. ಊಟಕ್ಕೆ.